ಪಿಡಿಎಫ್ ಹಂಚುವುದು ದಾಸೋಹವೇ?

(ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಜನ್ಮದಿನದ ಅಂಗವಾಗಿ ಮೈಸೂರಿನ ಕೆಸರೆಯಲ್ಲಿ ನಡೆದ ಚಿಂತನ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಹಳಕಟ್ಟಿಯವರ ಜೀವನ ಚರಿತ್ರೆ ಹೇಳುತ್ತೇನೆಂದು ನೀವು ನಿರೀಕ್ಷಿಸಿರಬಹುದು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್, ನೌಕರಿ ಮುಗಿಸಿದ್ದು ಸರ್ಕಾರದ ನೀರು ಸರಬರಾಜಿನ ಕೆಲಸದಲ್ಲಿ. ಹಾಗಾಗಿ ನನಗೆ ಗೊತ್ತಿರುವ ದಾರಿಯಲ್ಲೇ, ಅಂದರೆ ಲೆಕ್ಕದ ದಾರಿಯಲ್ಲೇ, ಒಂದು ವಿಷಯ ಇಡುತ್ತೇನೆ.

ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಲಿಂಗೈಕ್ಯರಾದದ್ದು 1964ರ ಜೂನ್ 29ರಂದು. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ 1957ರದು. ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷದವರೆಗೆ ಅವನ ಕೃತಿಯ ಹಕ್ಕು ಅವನ ವಾರಸುದಾರರಿಗೆ ಇರುತ್ತದೆ ಎನ್ನುತ್ತದೆ ಅದು. ಲೆಕ್ಕ ಹಾಕಿ. 1965ರ ಜನವರಿಯಿಂದ 60 ವರ್ಷ ಎಂದರೆ 2024ರ ಡಿಸೆಂಬರ್ 31. ಅಂದರೆ ಹಳಕಟ್ಟಿಯವರು ತಮ್ಮ ಜೀವಿತಾವಧಿಯಲ್ಲಿ ಬರೆದು ಪ್ರಕಟಿಸಿದ್ದೆಲ್ಲ 2025ರ ಜನವರಿ 1ರಿಂದ ನಾಡಿನ ಸಾರ್ವಜನಿಕ ಆಸ್ತಿ. ಅವರ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಅಚ್ಚು ಹಾಕಬಹುದು, ವಾಟ್ಸ್ಆ್ಯಪ್‌ನಲ್ಲಿ ಕಳಿಸಬಹುದು. ಯಾರ ಅಪ್ಪಣೆಯೂ ಬೇಡ. ಇಷ್ಟು ದೊಡ್ಡ ಸಂಗತಿ ನಡೆದದ್ದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸಲೇ ಇಲ್ಲ. ಏಕೆಂದರೆ ಅದಕ್ಕೂ ಮುಂಚಿನಿಂದಲೇ ನಾವು ಎಲ್ಲವನ್ನೂ ಕಳಿಸುತ್ತಲೇ ಇದ್ದೆವಲ್ಲ! ಸತ್ತವರ ಪುಸ್ತಕ, ಬದುಕಿರುವವರ ಪುಸ್ತಕ, ಮೊನ್ನೆ ಬಿಡುಗಡೆಯಾದ ಪುಸ್ತಕ, ಎಲ್ಲಕ್ಕೂ ಒಂದೇ ಫಾರ್ವರ್ಡ್ ಗುಂಡಿ.

ನಮ್ಮ ಭಾಗದ ಶರಣ ಬಂಧುಗಳ ಒಂದು ವಾಟ್ಸ್ಆ್ಯಪ್ ಬಳಗವಿದೆ. ಬೆಳಿಗ್ಗೆ ಒಂದು ವಚನ, ಸಂಜೆ ಒಂದು ನಿರ್ವಚನ, ನಡುವೆ ಶರಣರ ಜಯಂತಿಯ ಶುಭಾಶಯ. ಒಳ್ಳೆಯ ಬಳಗ. ಕೆಲವು ತಿಂಗಳ ಹಿಂದೆ ಅದರಲ್ಲಿ ಒಂದು ಪಿಡಿಎಫ್ ಬಂತು. ಒಬ್ಬ ಶರಣನ ವಚನಗಳಿಗೆ ಬರೆದ ವ್ಯಾಖ್ಯಾನ, 380 ಪುಟ. ಯಾರೋ ಫೋನಿನಲ್ಲೇ ಪುಟ ಪುಟ ಫೋಟೋ ತೆಗೆದಿದ್ದಾರೆ. ಎಷ್ಟೋ ಪುಟಗಳಲ್ಲಿ ಹೆಬ್ಬೆರಳು ಕಾಣುತ್ತದೆ. ಕೆಳಗೆ 'ಜ್ಞಾನ ದಾಸೋಹ, ಎಲ್ಲರಿಗೂ ತಲುಪಿಸಿ' ಎಂಬ ಒಕ್ಕಣೆ. ಅದಕ್ಕೆ ಕೈಮುಗಿಯುವ ಚಿತ್ರಗಳ ಸಾಲು. ಬರೆದವರು ಒಬ್ಬ ನಿವೃತ್ತ ಅಧ್ಯಾಪಕರು. ಹೆಸರು ಬೇಡ. ನಿವೃತ್ತಿಯಾದಾಗ ಬಂದ ಹಣದಲ್ಲಿ ಸ್ವಲ್ಪ ತೆಗೆದು ತಾವೇ ಅಚ್ಚು ಹಾಕಿಸಿದ್ದರು. ಅವರಿಗೆ ಯಾರಿಂದಲೋ ಗೊತ್ತಾಗಿ ನಮ್ಮ ಬಳಗದ ಹಿರಿಯರೊಬ್ಬರಿಗೆ ಫೋನ್ ಮಾಡಿದರು. ಬೈಯಲಿಲ್ಲ. 'ಅಣ್ಣಾವ್ರೇ, ಓದ್ತಾ ಇದ್ದೀರಲ್ಲ, ಸಂತೋಷ. ಮನೇಲಿ ಇನ್ನೂ ಆರುನೂರು ಪ್ರತಿ ಇವೆ, ಮಂಚದ ಕೆಳಗೆ. ಅವನ್ನೇನು ಮಾಡ್ಲಿ ಅಂತ ನೀವೇ ಹೇಳಿ' ಅಂದರಂತೆ.

ಎರಡು ದಿನ ಬಳಗದಲ್ಲಿ ಚರ್ಚೆ ನಡೆಯಿತು. ಚರ್ಚೆ ಎಂದರೆ ನಿಮಗೆ ಗೊತ್ತಲ್ಲ, ಇಬ್ಬರು ಬಳಗ ಬಿಟ್ಟು ಹೋದರು, ಒಬ್ಬರು ಮರಳಿ ಬಂದರು. ಆದರೆ ಅಲ್ಲಿ ಬಂದ ವಾದಗಳು ಹಗುರವಾದವಲ್ಲ. ಅದರಲ್ಲೂ ಒಂದು ವಾದ ನನ್ನನ್ನು ಬಹಳ ದಿನ ಕಾಡಿತು. ಅದನ್ನು ಪೂರ್ತಿ ಬಲದೊಂದಿಗೇ ನಿಮ್ಮ ಮುಂದಿಡುತ್ತೇನೆ.

ವಾದ ಇದು. ವಚನಗಳು ಉಳಿದದ್ದೇ ನಕಲಿನಿಂದ. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದಾಗ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರು ಎಂಬುದು ನಮ್ಮ ಪರಂಪರೆಯ ನೆನಪು. ಆಮೇಲೆ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರು ಅವನ್ನು ಹುಡುಕಿ, ಜೋಡಿಸಿ, ಪ್ರತಿ ಮಾಡಿದರು. ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯವರು ಪ್ರತಿ ಮಾಡಿದರು. ಊರೂರ ಮಠದಲ್ಲಿ, ಗೌಡರ ಮನೆಯ ಜಗಲಿಯ ಮೇಲೆ ಕಂಠ ಹಿಡಿದು ಗರಿಯ ಮೇಲೆ ಕೊರೆದವರ ಹೆಸರು ಕೂಡ ನಮಗೆ ಗೊತ್ತಿಲ್ಲ. ಅವರಲ್ಲಿ ಒಬ್ಬರಾದರೂ ಅನುಮತಿ ಕೇಳಿದರೇ? ಕೇಳುತ್ತಾ ಕುಳಿತಿದ್ದರೆ ಹಳಕಟ್ಟಿಯವರ ಕೈಗೆ ಏನು ಸಿಗುತ್ತಿತ್ತು? ಹಾಗಾದರೆ ಇವತ್ತು ಫೋನಿನಲ್ಲಿ ಫೋಟೋ ತೆಗೆದು ಹಂಚುವವನು ಆ ಲಿಪಿಕಾರನ ವಂಶದವನೇ ತಾನೆ?

ಬಹಳ ಚಂದದ ವಾದ. ಅರ್ಧ ನಿಜ ಕೂಡ.

ಇನ್ನರ್ಧ ನೋಡೋಣ. ವಚನಕಾರರು ವಚನ ಮಾರಿ ಬದುಕಲಿಲ್ಲ. ಅಂಬಿಗರ ಚೌಡಯ್ಯನಿಗೆ ದೋಣಿ ಇತ್ತು, ಮಡಿವಾಳ ಮಾಚಯ್ಯನಿಗೆ ಬಟ್ಟೆಯ ಗಂಟು ಇತ್ತು, ಜೇಡರ ದಾಸಿಮಯ್ಯನಿಗೆ ಮಗ್ಗ ಇತ್ತು, ನುಲಿಯ ಚಂದಯ್ಯನಿಗೆ ಹಗ್ಗ ಇತ್ತು. ಹೊಟ್ಟೆಯ ಕಾಯಕ ಬೇರೆ, ಅನುಭಾವದ ಮಾತು ಬೇರೆ. ಮಾತನ್ನು ಯಾರು ನಕಲು ಮಾಡಿದರೂ ಚೌಡಯ್ಯನ ದೋಣಿಗೆ ತೂತು ಬೀಳುತ್ತಿರಲಿಲ್ಲ. ಇವತ್ತು ಮೂರು ವರ್ಷ ಕುಳಿತು ಶಬ್ದಕೋಶ ತಿರುವಿ, ಹಸ್ತಪ್ರತಿ ಹೋಲಿಸಿ ವ್ಯಾಖ್ಯಾನ ಬರೆಯುವವನಿಗೆ ಆ ಬರವಣಿಗೆಯೇ ದೋಣಿ. ಮತ್ತೊಂದು. ಗರಿಯ ಮೇಲೆ ಪ್ರತಿ ಮಾಡುವವನು ತನ್ನ ಬೆನ್ನು ಬಗ್ಗಿಸಿ, ತನ್ನ ಕಣ್ಣು ಸವೆಸಿ ತಿಂಗಳುಗಟ್ಟಲೆ ಕೂರುತ್ತಿದ್ದ. ಅದು ಅವನ ಕಾಯಕ. ಅದನ್ನು ಮಠಕ್ಕೆ ಕೊಟ್ಟರೆ ಅದು ಅವನ ದಾಸೋಹ. ನಾವು ಫಾರ್ವರ್ಡ್ ಗುಂಡಿ ಒತ್ತುವುದಕ್ಕೆ ಎಷ್ಟು ಬೆವರು ಬೇಕು? ಬೆವರು ಅಧ್ಯಾಪಕರದು, ಪುಣ್ಯ ನಮ್ಮದು. ಇದು ಯಾವ ಲೆಕ್ಕ?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತು. ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಅಡುಗೆಗೆ ಹಾಕಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ನೆಲದ ಮೇಲೆ ಬಿದ್ದಿದ್ದ ಅಕ್ಕಿ ಅದು. ಯಾರೂ ಕೇಳುವವರಿರಲಿಲ್ಲ. ಜಂಗಮ ದಾಸೋಹಕ್ಕೇ ಬಳಕೆಯಾಗುತ್ತಿತ್ತು. ಆದರೂ ಬೇಡ ಎಂದಳು. ದಾಸೋಹದ ಉದ್ದೇಶ ಎಷ್ಟೇ ದೊಡ್ಡದಿರಲಿ, ಅಕ್ಕಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರುತ್ತದೆ ಎಂದು ನನಗೆ ತಿಳಿದದ್ದು ಆ ತಾಯಿಯಿಂದ.

ಇನ್ನು ಹಳಕಟ್ಟಿಯವರ ವಿಷಯಕ್ಕೇ ಬನ್ನಿ. ಅವರು ವಕೀಲರು, ಮನೆ ಮನೆ ಮಠ ಮಠ ಅಲೆದು ತಾಳೆಗರಿ ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರ ಸಾರ' ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಮುದ್ರಣಾಲಯ ನೆಚ್ಚಿ ಕೂತರೆ ಆಗದು ಎಂದು ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ, ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. ಇವೆಲ್ಲ ನಡೆಯಬೇಕಾದರೆ ಮೊಳೆ ಜೋಡಿಸುವವನಿಗೆ ಕೂಲಿ, ಕಾಗದದ ಅಂಗಡಿಗೆ ಹಣ, ಅಂಚೆಗೆ ಚೀಟಿ ಬೇಕು. ಅದು ಬರಬೇಕಾದದ್ದು ಚಂದಾದಾರರಿಂದ, ಕೊಳ್ಳುವವರಿಂದ. ಬರುತ್ತಿದ್ದದ್ದು ಎಷ್ಟು ಕಡಿಮೆ ಎಂಬುದಕ್ಕೆ ಅವರ ಬಡತನವೇ ಸಾಕ್ಷಿ. ಅವರ ಹರಿದ ಕೋಟಿನ ಕಥೆಯನ್ನು ನಾವು ಭಾಷಣಗಳಲ್ಲಿ ಕಣ್ಣೀರು ತುಂಬಿ ಹೇಳುತ್ತೇವೆ. ಆ ಕೋಟು ಹರಿದದ್ದು ಯಾಕೆ ಎಂದು ಕೇಳುವುದಿಲ್ಲ.

ಈಗ ಒಂದು ಎಸ್ಟಿಮೇಟ್ ಹಾಕೋಣ. ಕನ್ನಡದಲ್ಲಿ ಒಂದು ವೈಚಾರಿಕ ಪುಸ್ತಕ ಸಾಮಾನ್ಯವಾಗಿ 1000 ಪ್ರತಿ ಅಚ್ಚಾಗುತ್ತದೆ. ಈಚೆಗೆ 500ಕ್ಕೂ ಇಳಿದಿದೆ. ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಲೇಖಕನ ಗೌರವಧನ ರೂಢಿಯಂತೆ ನೂರಕ್ಕೆ ಹತ್ತು, ಅಂದರೆ ಪ್ರತಿಗೆ 30 ರೂಪಾಯಿ. ಸಾವಿರ ಪ್ರತಿಯೂ ಮಾರಾಟವಾಗಿ, ಪ್ರಕಾಶಕರು ಪ್ರಾಮಾಣಿಕವಾಗಿ ಕೊಟ್ಟರೆ 30,000 ರೂಪಾಯಿ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ. ಭಾಗಿಸಿ ನೋಡಿ, 81 ದಿನದ ಕೂಲಿ ಆಯಿತು. ಮೂರು ವರ್ಷದ ಕೆಲಸಕ್ಕೆ 81 ದಿನದ ಕೂಲಿ, ಅದೂ ಎಲ್ಲ ಪ್ರತಿ ಮಾರಾಟವಾದರೆ. ಕೆರೆ ಹೂಳೆತ್ತುವವನಿಗೆ ಇರುವ ಭದ್ರತೆ ವಚನದ ಅರ್ಥ ಎತ್ತುವವನಿಗೆ ಇಲ್ಲ.

ಸಾವಿರದಲ್ಲಿ ಮುನ್ನೂರು ಪ್ರತಿಯನ್ನು ಸರ್ಕಾರದ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಕೊಳ್ಳಬಹುದು, ಆಯ್ಕೆಯಾದರೆ. ಹಣ ಯಾವಾಗ ಬರುತ್ತದೆ ಎಂಬುದನ್ನು ಪ್ರಕಾಶಕರನ್ನೇ ಕೇಳಿ, ನಾನು ಸರ್ಕಾರಿ ಪಿಂಚಣಿದಾರ, ನನ್ನ ಬಾಯಲ್ಲಿ ಬೇಡ. ಉಳಿದ ಏಳುನೂರು ಪ್ರತಿಯನ್ನು ಓದುಗರು ಕೊಳ್ಳಬೇಕು. ಇಲ್ಲೇ ಪಿಡಿಎಫ್ ಬಂದು ಕೂರುವುದು.

ಎಷ್ಟು ನಷ್ಟ? ಇದರಲ್ಲಿ ಪ್ರಕಾಶಕರ ಕಡೆಯವರೂ ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಾರೆ. ಐದು ಸಾವಿರ ಜನಕ್ಕೆ ಫಾರ್ವರ್ಡ್ ಆಯಿತು, ಆದ್ದರಿಂದ ಐದು ಸಾವಿರ ಪ್ರತಿ ನಷ್ಟ ಎನ್ನುತ್ತಾರೆ. ನಮ್ಮ ಇಲಾಖೆಯಲ್ಲಿ 'ಲೆಕ್ಕಕ್ಕೆ ಸಿಗದ ನೀರು' ಎಂದು ಒಂದು ಬಾಬ್ತು ಇರುತ್ತದೆ. ಪಂಪ್ ಮಾಡಿದ್ದಕ್ಕೂ ಬಿಲ್ ಆದದ್ದಕ್ಕೂ ಇರುವ ವ್ಯತ್ಯಾಸ. ಅದರಲ್ಲಿ ಕೊಳವೆ ಸೋರಿಕೆ ಇದೆ, ಕೆಟ್ಟ ಮೀಟರ್ ಇದೆ, ಅಕ್ರಮ ನಲ್ಲಿ ಇದೆ. ಹೊಸದಾಗಿ ಸೇರಿದ ಹುಡುಗರು ಆ ಇಡೀ ನೀರನ್ನು ದರದಿಂದ ಗುಣಿಸಿ ಇಷ್ಟು ಕೋಟಿ ನಷ್ಟ ಎಂದು ಬರೆದು ತರುತ್ತಾರೆ. ಅದು ತಪ್ಪು ಲೆಕ್ಕ. ಅಕ್ರಮ ನಲ್ಲಿ ಕಿತ್ತರೆ ಆತ ಅಷ್ಟೇ ನೀರನ್ನು ದುಡ್ಡು ಕೊಟ್ಟು ಬಳಸುವುದಿಲ್ಲ, ಅರ್ಧ ಬಳಸುತ್ತಾನೆ, ಇಲ್ಲ ಬೋರ್‌ವೆಲ್ ಹುಡುಕುತ್ತಾನೆ. ಪಿಡಿಎಫ್ ಕೂಡ ಹಾಗೇ. ಬಂದದ್ದನ್ನು ತೆರೆಯುವವರೇ ಕಡಿಮೆ. ತೆರೆದವರಲ್ಲಿ ಮೂವತ್ತನೇ ಪುಟ ದಾಟುವವರು ಇನ್ನೂ ಕಡಿಮೆ. ನನ್ನ ಫೋನಿನಲ್ಲಿ ಬಂದು ಬಿದ್ದ ಪಿಡಿಎಫ್‌ಗಳನ್ನು ಎಣಿಸಿದರೆ ಒಂದು ತಾಲೂಕು ಗ್ರಂಥಾಲಯವೇ ಆದೀತು, ಓದಲು ಇನ್ನೊಂದು ಜನ್ಮ ಬೇಕು, ನಾವೋ ಪುನರ್ಜನ್ಮ ಒಪ್ಪದವರು.

ಯುರೋಪಿನ ಒಕ್ಕೂಟ ಇದನ್ನೇ ಅಳೆಯಲು ಒಂದು ದೊಡ್ಡ ಅಧ್ಯಯನ ಮಾಡಿಸಿತು. 2015ರಲ್ಲಿ ಸಿದ್ಧವಾದ ಆ ವರದಿ ಹೊರಬಂದದ್ದು 2017ರಲ್ಲಿ. ಹೊಸ ದೊಡ್ಡ ಸಿನಿಮಾಗಳನ್ನು ಬಿಟ್ಟರೆ, ಕಳ್ಳ ಪ್ರತಿಯಿಂದ ಮಾರಾಟ ಇಷ್ಟು ಕುಸಿಯಿತು ಎಂದು ಗಟ್ಟಿಯಾಗಿ ಹೇಳುವಂಥ ಅಂಕಿ ಅಂಶದ ಪುರಾವೆ ಸಿಗಲಿಲ್ಲ ಎಂದು ಅದರಲ್ಲಿದೆ. ಬ್ರೆಜಿಲ್‌ನ ಪಾಲೊ ಕೊಯೆಲೊ ಎಂಬ ಪ್ರಸಿದ್ಧ ಕಾದಂಬರಿಕಾರ ತನ್ನ ಪುಸ್ತಕದ ಕಳ್ಳ ಪ್ರತಿಗಳನ್ನು ತಾನೇ ಜಾಲತಾಣದಲ್ಲಿ ಹಾಕಿ, ರಷ್ಯಾದಲ್ಲಿ ಅದರಿಂದ ಮಾರಾಟ ಹೆಚ್ಚಿತು ಎಂದು ಹೇಳಿಕೊಂಡ. ಬಳಗದಲ್ಲಿ ಒಬ್ಬ ಯುವಕ ಇದನ್ನೆಲ್ಲ ಮುಂದಿಟ್ಟ. ಓದಿಕೊಂಡ ಹುಡುಗ, ಸುಳ್ಳು ಹೇಳಲಿಲ್ಲ.

ನನ್ನ ಉತ್ತರ ಇಷ್ಟೇ. ಲಕ್ಷಾಂತರ ಪ್ರತಿ ಮಾರಾಟವಾಗುವ ಭಾಷೆಯ ಅಳತೆಪಟ್ಟಿಯನ್ನು ಸಾವಿರ ಪ್ರತಿಯ ಭಾಷೆಗೆ ಹಿಡಿಯಬಾರದು. ದೊಡ್ಡ ಜಲಾಶಯದಲ್ಲಿ ನೂರು ಬಿಂದಿಗೆ ಹೋದರೆ ಗೇಜಿನಲ್ಲಿ ಕಾಣುವುದಿಲ್ಲ. ಮನೆಯ ತೊಟ್ಟಿಯಲ್ಲಿ ನೂರು ಬಿಂದಿಗೆ ಹೋದರೆ ತಳ ಕಾಣುತ್ತದೆ. ನಾಲ್ಕು ಬಳಗ, ಒಟ್ಟು ಸಾವಿರ ಜನ, ಅವರಲ್ಲಿ ಇಪ್ಪತ್ತಕ್ಕೆ ಒಬ್ಬರು ಮಾತ್ರ ಕೊಳ್ಳುವವರಿದ್ದರು ಎನ್ನಿ. 50 ಪ್ರತಿ ಹೋಯಿತು. ಇಡೀ ಮುದ್ರಣದ ನೂರಕ್ಕೆ ಐದು. ವಚನ ವ್ಯಾಖ್ಯಾನದಂಥ ಪುಸ್ತಕ ಕೊಳ್ಳುವವರು ಯಾರು? ಇದೇ ಬಳಗದವರು ತಾನೆ? ಬೇರೆ ಯಾರೂ ಇಲ್ಲ. ಪಿಡಿಎಫ್ ತಲುಪಿದ್ದು ಸರಿಯಾಗಿ ಕೊಳ್ಳಬಹುದಾಗಿದ್ದವರ ಕೈಗೇ. ಇನ್ನು ಕೊಯೆಲೊ ವಿಷಯ. ಆತ ತನ್ನದನ್ನು ತಾನು ಕೊಟ್ಟ. ಅದು ಅವನ ದಾಸೋಹ. ನಮ್ಮ ಅಧ್ಯಾಪಕರು ಕೊಡಲಿಲ್ಲ, ಅವರಿಂದ ತೆಗೆದುಕೊಂಡದ್ದು.

ಆದರೆ ಜನ ಪಿಡಿಎಫ್‌ಗೆ ಹೋಗುವುದು ಯಾಕೆ ಎಂಬುದನ್ನೂ ನೋಡಬೇಕು. ಎಲ್ಲರೂ ಜಿಪುಣರಲ್ಲ. ಊರ ಹತ್ತಿರ ಪುಸ್ತಕದಂಗಡಿ ಇಲ್ಲ. ನಮ್ಮ ಕೆಸರೆಯಿಂದ ಪೇಟೆಗೆ ಹೋಗಿ ಹುಡುಕಬಹುದು, ಹನೂರಿನವರು ಏನು ಮಾಡಬೇಕು? ಮಕ್ಕಳ ಜೊತೆ ಅಮೆರಿಕದಲ್ಲಿ ಕೂತ ತಾಯಿ ಏನು ಮಾಡಬೇಕು? ವಯಸ್ಸಾದವರಿಗೆ ಅಕ್ಷರ ದೊಡ್ಡದು ಮಾಡಿ ಓದುವ ಸೌಕರ್ಯ ಫೋನಿನಲ್ಲಿದೆ, ಪುಸ್ತಕದಲ್ಲಿಲ್ಲ. ಕೊಳ್ಳುತ್ತೇನೆ ಎಂದರೂ ಕನ್ನಡದ ಇ-ಪುಸ್ತಕ ಬಹಳ ಕಾಲ ಸಿಗುತ್ತಲೇ ಇರಲಿಲ್ಲ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನವರು ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು, ಕನ್ನಡ ಇರಲಿಲ್ಲ. ನಮ್ಮ ಕಡೆಯಿಂದಲೂ ಒಂದು ತೊಡಕಿತ್ತು. ಪುಸ್ತಕಗಳನ್ನೆಲ್ಲ ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಜೋಡಿಸಿದ್ದು. ಅದು ಯೂನಿಕೋಡ್ ಅಲ್ಲ. ಇ-ಪುಸ್ತಕ ಮಾಡಬೇಕಾದರೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟಲ್ಲೆಲ್ಲ ಕೈಯಲ್ಲಿ ತಿದ್ದಬೇಕು. ಪ್ರಕಾಶಕರು ಆ ಗೋಜಿಗೇ ಹೋಗಲಿಲ್ಲ. ನೀರು ಕೊಡದ ಬಡಾವಣೆಯಲ್ಲಿ ಅಕ್ರಮ ನಲ್ಲಿ ಹುಟ್ಟದೆ ಇರುತ್ತದೆಯೇ?

2020ರ ಲಾಕ್‌ಡೌನ್‌ನಲ್ಲಿ ಅದು ಕಟ್ಟೆ ಒಡೆಯಿತು. ಅಂಗಡಿ ಮುಚ್ಚಿತ್ತು, ಜನ ಮನೆಯಲ್ಲಿದ್ದರು, ವಾಟ್ಸ್ಆ್ಯಪ್ ಟೆಲಿಗ್ರಾಂಗಳಲ್ಲಿ ಕನ್ನಡ ಕಾದಂಬರಿಗಳು ಹೊಳೆಯಂತೆ ಹರಿದವು. ಬರಹಗಾರರು, ಪ್ರಕಾಶಕರು ಬಹಿರಂಗವಾಗಿ ನೊಂದು ಮಾತಾಡಿದರು. ಆದರೆ ಅದೇ 2020ರಲ್ಲಿ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಬಂತು, ಇ-ಪುಸ್ತಕ ಕೇಳುಪುಸ್ತಕ ಎರಡೂ ಸಿಗತೊಡಗಿದವು. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕ ಇವೆ. ಅಚ್ಚಿನ ಪುಸ್ತಕಕ್ಕಿಂತ ಕಡಿಮೆ ಬೆಲೆಗೇ ಎಷ್ಟೋ ಸಿಗುತ್ತವೆ. 'ಸಿಗುವುದಿಲ್ಲ' ಎಂಬ ನೆಪ ಈಗ ಅರ್ಧ ಸವೆದಿದೆ. ಅರ್ಧ ಅಂದೆ, ಏಕೆಂದರೆ ನಮ್ಮ ಮಠಗಳ ಪ್ರಕಟಣೆಗಳು ಅಲ್ಲಿ ಸಿಗುವುದು ಕಡಿಮೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾನೂನು ಏನು ಹೇಳುತ್ತದೆ ಎಂದು ಬೇಗ ಹೇಳಿ ಮುಗಿಸುತ್ತೇನೆ. ಹಕ್ಕುಳ್ಳ ಕೃತಿಯನ್ನು ತಿಳಿದೂ ನಕಲು ಮಾಡಿ ಹಂಚಿದರೆ 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಮಾಡದಿದ್ದರೆ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ಇಳಿಸಬಹುದು, ಆದರೆ ಅಪರಾಧ ಅಪರಾಧವೇ. ಅದೇ ಕಾಯ್ದೆ ಬಾಗಿಲುಗಳನ್ನೂ ಇಟ್ಟಿದೆ. ಸ್ವಂತ ಅಧ್ಯಯನಕ್ಕೆ, ವಿಮರ್ಶೆಗೆ ನ್ಯಾಯವಾದ ಮಿತಿಯಲ್ಲಿ ಬಳಸಬಹುದು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದ ಬಳಕೆಗೆ ಮೂರು ಪ್ರತಿಯವರೆಗೆ ನಕಲು ಮಾಡಬಹುದು. ಕಣ್ಣು ಕಾಣದವರಿಗಾಗಿ ಅವರು ಓದಬಲ್ಲ ರೂಪಕ್ಕೆ ಪರಿವರ್ತಿಸಬಹುದು, ಇದು 2012ರ ತಿದ್ದುಪಡಿಯಲ್ಲಿ ಬಂದ ಒಳ್ಳೆಯ ಮಾತು. 2016ರಲ್ಲಿ ದೆಹಲಿ ಹೈಕೋರ್ಟ್ ವಿಶ್ವವಿದ್ಯಾಲಯದ ಪಾಠಕ್ಕೆ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿಕೊಡುವುದನ್ನು ಎತ್ತಿ ಹಿಡಿಯಿತು, ಆಕ್ಸ್‌ಫರ್ಡ್ ಕೇಂಬ್ರಿಜ್‌ನಂಥ ದೊಡ್ಡವರ ವಿರುದ್ಧ. ಬಡ ವಿದ್ಯಾರ್ಥಿಯ ಪಾಠ ಬೇರೆ, ನಾಲ್ಕು ಬಳಗಕ್ಕೆ ಇಡೀ ಪುಸ್ತಕ ಹಂಚುವುದು ಬೇರೆ.

ಇನ್ನು, ನಿಜವಾಗಿ ಹಂಚಬಹುದಾದದ್ದು ಎಷ್ಟಿದೆ ಗೊತ್ತೇ? ಇದನ್ನು ಹೇಳಲೆಂದೇ ನಾನು ಇಷ್ಟು ಸುತ್ತಿದ್ದು. ಹನ್ನೆರಡನೇ ಶತಮಾನದ ವಚನಗಳಿಗೆ ಯಾರ ಹಕ್ಕೂ ಇಲ್ಲ. ಕರ್ನಾಟಕ ಸರ್ಕಾರ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯ ತಂದಿತು. ಆ ಪಠ್ಯವನ್ನು ಆಧರಿಸಿ ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ವಚನ ಸಂಚಯ ಎಂಬ ಜಾಲತಾಣ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನ, ಯಾವ ಶಬ್ದ ಯಾವ ವಚನದಲ್ಲಿದೆ ಎಂದು ಕ್ಷಣದಲ್ಲಿ ಹುಡುಕಬಹುದು. ಇವರಲ್ಲಿ ವಸುಧೇಂದ್ರ ಸ್ವತಃ ಕಾದಂಬರಿಕಾರರು, ಛಂದ ಪುಸ್ತಕದ ಪ್ರಕಾಶಕರು. ತಮ್ಮ ಪುಸ್ತಕ ಮಾರುತ್ತಾರೆ, ಶರಣರ ವಚನಕ್ಕೆ ಉಚಿತವಾಗಿ ದುಡಿಯುತ್ತಾರೆ. ಎರಡರ ನಡುವಿನ ಗೆರೆ ಅವರಿಗೆ ಸ್ಪಷ್ಟವಾಗಿದೆ. ಸಿರಿಗೆರೆಯ ತರಳಬಾಳು ಮಠದಿಂದಲೂ ವಚನಗಳ ಆ್ಯಪ್ ಬಂದಿದೆ. 2014ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. 'ಚಿರಸ್ಮರಣೆ' ಬರೆದ ನಿರಂಜನರ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಅವರ ಮನೆಯವರೇ ಅದೇ ವರ್ಷ ಹಾಗೆ ಬಿಟ್ಟುಕೊಟ್ಟರು. ವಾರಸುದಾರರು ತಾವಾಗಿ ಕೊಟ್ಟದ್ದು! ಇದಕ್ಕೆ ನಾನು ಎದ್ದು ನಿಂತು ಕೈ ಮುಗಿಯುತ್ತೇನೆ. ಬದುಕಿರುವ ಲೇಖಕನೂ ಬೇಕಾದರೆ ಕಾಯ್ದೆಯ 21ನೇ ಕಲಮಿನಂತೆ ಪ್ರಕಟಣೆ ಹೊರಡಿಸಿ ತನ್ನ ಹಕ್ಕು ಬಿಟ್ಟುಕೊಡಬಹುದು.

ಸಾರ್ವಜನಿಕರ ತೆರಿಗೆಯಲ್ಲಿ ಆದದ್ದು ಸಾರ್ವಜನಿಕರಿಗೆ ಉಚಿತವಾಗಿ ಸಿಗಲೇಬೇಕು ಎನ್ನುವವ ನಾನು. ನಮ್ಮ ವೃತ್ತಿಯಲ್ಲಿ ಐಎಸ್ 456 ಎಂಬ ಕಾಂಕ್ರೀಟಿನ ಮಾನಕ ಗ್ರಂಥ ಇದೆ. ನಾನು ಕೆಲಸಕ್ಕೆ ಸೇರಿದಾಗ ಇಡೀ ಉಪವಿಭಾಗಕ್ಕೆ ಒಂದೇ ಪ್ರತಿ, ಅದೂ ಸಾಹೇಬರ ಬೀರುವಿನಲ್ಲಿ. ಕಟ್ಟಡ ಬೀಳಬಾರದೆಂದು ಬರೆದ ನಿಯಮಗಳನ್ನು ಬೀಗ ಹಾಕಿ ಇಡುವುದು ಎಂಥ ಬುದ್ಧಿವಂತಿಕೆ? ಕಾರ್ಲ್ ಮಾಲಮುಡ್ ಎಂಬ ಅಮೆರಿಕದವರು ಭಾರತದ ಮಾನಕಗಳನ್ನು ಅಂತರ್ಜಾಲದಲ್ಲಿ ಹಾಕಿ, 2015ರಲ್ಲಿ ದೆಹಲಿ ಹೈಕೋರ್ಟಿನವರೆಗೆ ಹೋದರು. ಈಗ ಮಾನಕ ಬ್ಯೂರೋದವರೇ ತಮ್ಮ ಜಾಲತಾಣದಲ್ಲಿ ಅವನ್ನು ಉಚಿತವಾಗಿ ಕೊಡುತ್ತಿದ್ದಾರೆ. ಅದು ಸರಿಯಾದ ಹೋರಾಟ. ಸಂಬಳ ಪಡೆದು ಸರ್ಕಾರಕ್ಕಾಗಿ ಬರೆದದ್ದು ಅದು. ನಮ್ಮ ಅಧ್ಯಾಪಕರಿಗೆ ಆ ವ್ಯಾಖ್ಯಾನಕ್ಕೆ ಸಂಬಳ ಕೊಟ್ಟವರು ಯಾರೂ ಇಲ್ಲ.

ಹಣಕ್ಕಿಂತ ದೊಡ್ಡದೊಂದು ಇದೆ. ಅಂಕಿತ. ಪ್ರತಿ ವಚನದ ಕೊನೆಗೆ ಅದು ಯಾರ ಅನುಭಾವ ಎಂಬ ಗುರುತು. ಎಂಟು ಶತಮಾನ ನಕಲು ಮಾಡಿದ ಲಿಪಿಕಾರರು ಅದನ್ನು ಕಣ್ಣಿನಂತೆ ಕಾಯ್ದರು, ಅಕ್ಕಮ್ಮನ ಮಾತನ್ನು ಅಕ್ಕಮ್ಮನದೆಂದೇ, ಲಕ್ಕಮ್ಮನ ಮಾತನ್ನು ಲಕ್ಕಮ್ಮನದೆಂದೇ ಉಳಿಸಿದರು. ಇಂದಿನ ಫಾರ್ವರ್ಡ್ ಲಿಪಿಕಾರರು ಏನು ಮಾಡುತ್ತಾರೆ? ವ್ಯಾಖ್ಯಾನದ ಎರಡು ಪುಟ ಕತ್ತರಿಸಿ, ಲೇಖಕರ ಹೆಸರು ತೆಗೆದು, ಕೆಳಗೆ ತಮ್ಮ ಹೆಸರು ಮತ್ತು ಮೊಬೈಲ್ ಸಂಖ್ಯೆ ಹಾಕುತ್ತಾರೆ. ಇನ್ನೂ ಮುಂದೆ ಹೋದವರು ತಾವೇ ನಾಲ್ಕು ಸಾಲು ಹೊಸೆದು ಬಸವಣ್ಣನವರ ಅಂಕಿತ ಅಂಟಿಸುತ್ತಾರೆ. ಅಂಥ ನಕಲಿ ವಚನಗಳು ನಮ್ಮ ಸಭೆಗಳ ಆಮಂತ್ರಣ ಪತ್ರಿಕೆಯ ಮೇಲೂ ಬಂದುಬಿಟ್ಟಿವೆ. ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಲೇಖಕನಿಗೆ, ಹಕ್ಕನ್ನು ಮಾರಿದ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಮತ್ತು ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಕೊಡುತ್ತದೆ. ಅದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ಅಂಕಿತದ ಅರ್ಥವೇ ಅದು.

ಕೊನೆಗೆ ನಮ್ಮ ಮನೆಯ ಮಾತು. ಪೂಜ್ಯರು ಕ್ಷಮಿಸಬೇಕು, ವಯಸ್ಸಾದವನು, ಹೇಳಿಬಿಡುತ್ತೇನೆ. ಲೇಖಕರಿಗೆ ಅನ್ಯಾಯವಾಗುತ್ತಿದೆ ಎಂದು ವಾಟ್ಸ್ಆ್ಯಪ್ ಹುಡುಗರನ್ನು ಮಾತ್ರ ಬೈದರೆ ಸಾಲದು. ವಿದ್ವಾಂಸರಿಂದ ವರ್ಷಗಟ್ಟಲೆ ಕೆಲಸ ಮಾಡಿಸಿ, ಗ್ರಂಥ ಬಿಡುಗಡೆಯ ದಿನ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ ಕೊಟ್ಟು, 25 ಗೌರವ ಪ್ರತಿ ಕೈಗಿಟ್ಟು ಕಳಿಸುವ ಪದ್ಧತಿ ನಮ್ಮ ಸಂಸ್ಥೆಗಳಲ್ಲೂ ಇದೆ. ಅದು ಗೌರವ ಸರಿ. ಕೂಲಿ ಎಲ್ಲಿ? ಪೆಂಡಾಲಿನವನಿಗೆ, ಮೈಕಿನವನಿಗೆ, ಅಡುಗೆಯವನಿಗೆ ಅದೇ ದಿನ ಲೆಕ್ಕ ತೀರಿಸುತ್ತೇವೆ. ಬರೆದವನಿಗೆ ಮಾತ್ರ ಅದು ಸೇವೆ. ಅನುವಾದಕರ ಕಥೆ ಇನ್ನೂ ಕಷ್ಟ, ಎಷ್ಟೋ ಸಲ ಮುಖಪುಟದ ಮೇಲೆ ಅವರ ಹೆಸರೂ ಇರುವುದಿಲ್ಲ.

ನನ್ನ ಸೂಚನೆ ಹೀಗಿದೆ. ಮಠಗಳು ತಮ್ಮ ಹಣದಲ್ಲಿ ತಂದ ಪುಸ್ತಕಗಳಿಗೆ ಬರೆದವರಿಗೆ ಮೊದಲೇ ಒಂದು ಗೌರವಧನ ಕೊಟ್ಟು, ಒಂದು ಪುಟದ ಒಪ್ಪಂದ ಮಾಡಿಕೊಂಡು, ಆಮೇಲೆ ಆ ಪುಸ್ತಕವನ್ನು ಮುಕ್ತವಾಗಿ ಅಂತರ್ಜಾಲಕ್ಕೆ ಬಿಡಲಿ, ಯೂನಿಕೋಡ್‌ನಲ್ಲಿ, ಹುಡುಕಲು ಬರುವ ಹಾಗೆ. ಆಗ ಅದು ಶುದ್ಧ ದಾಸೋಹ, ಅಕ್ಕಿಯೂ ನಮ್ಮದು, ಎಸರೂ ನಮ್ಮದು. ಭಂಡಾರದಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಪ್ರಕಟಣೆಗಳನ್ನು, ಲೇಖಕರು ತೀರಿ 60 ವರ್ಷ ದಾಟಿದವನ್ನು ಪಟ್ಟಿ ಮಾಡಿ ಸ್ಕ್ಯಾನ್ ಮಾಡೋಣ. ಹಳಕಟ್ಟಿಯವರ 'ಶಿವಾನುಭವ'ದ ಸಂಚಿಕೆಗಳನ್ನೇ ತೆಗೆದುಕೊಳ್ಳಿ. ಅವರ ಸ್ವಂತ ಲೇಖನಗಳನ್ನು ಈಗ ಯಾರು ಬೇಕಾದರೂ ತರಬಹುದು. ಅದರಲ್ಲಿ ಬೇರೆಯವರು ಬರೆದದ್ದಕ್ಕೆ ಆಯಾ ಲೇಖಕರ ಕಾಲ ನೋಡಬೇಕು, ಅದು ತಾಳ್ಮೆಯ ಕೆಲಸ. ನಮ್ಮಂಥ ನಿವೃತ್ತರಿಗೆ ತಾಳ್ಮೆ ಮತ್ತು ಮಧ್ಯಾಹ್ನ ಎರಡೂ ಇವೆ.

ನಮ್ಮ ಬಳಗದಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಯಾರಾದರೂ ಪುಸ್ತಕದ ಪಿಡಿಎಫ್ ಹಾಕಿದರೆ ಜೊತೆಗೆ ಬರೆದವರ ಹೆಸರು, ಅವರು ಇದ್ದಾರೆಯೇ ಇಲ್ಲವೇ, ಎಲ್ಲಿಂದ ಸಿಕ್ಕಿತು ಎಂದು ಹಾಕಬೇಕು. ಹಾಕಲಾಗದಿದ್ದರೆ ಅಡ್ಮಿನ್ ತೆಗೆಯುತ್ತಾರೆ. ಬದುಕಿರುವ ಲೇಖಕರಾದರೆ ಪಿಡಿಎಫ್ ಬದಲು ಮುಖಪುಟದ ಚಿತ್ರ, ಬೆಲೆ, ಸಿಗುವ ಜಾಗ. ಪ್ರತಿ ತಿಂಗಳು ಹತ್ತು ಮನೆ ಸೇರಿ ಒಂದು ಪುಸ್ತಕದ ಹತ್ತು ಪ್ರತಿ ಕೊಂಡು, ಓದಿ, ಒಂದು ಪ್ರತಿಯನ್ನು ಹತ್ತಿರದ ಶಾಲೆಗೆ ಕೊಡುವುದು. ಎರಡು ತಿಂಗಳು ನಡೆದಿದೆ, ಮೂರನೇ ತಿಂಗಳು ಏಳು ಮನೆಗೆ ಇಳಿದಿದೆ. ಇಲ್ಲಿಂದ ಯಾರಾದರೂ ಮೂರು ಮನೆಯವರು ಸೇರಿಕೊಂಡರೆ ಸರಿಹೋಗುತ್ತದೆ, ಬಾಗಿಲ ಬಳಿ ಪುಸ್ತಕ ಇಟ್ಟಿದೆ, ಹೆಸರು ಬರೆಸಿ.

ಪ್ರಶ್ನೆಗಳಿಗೆ ಹದಿನೈದು ನಿಮಿಷ ಇದೆ ಎಂದು ಅಧ್ಯಕ್ಷರು ಹೇಳಿದ್ದಾರೆ. ಆ ಯುವಕನೂ ಬಂದಿದ್ದಾನೆ, ಮೊದಲ ಪ್ರಶ್ನೆ ಅವನೇ ಕೇಳಲಿ.